ಏಳನೆಯ ಕಾಲಂ

ಸೋಡಾಪುಡಿ ಹಾಕಿದ ನೀರಿನಲ್ಲಿ ಹಳೆಯ ಹತ್ತಿ ಹೊದಿಕೆಗಳು ಕುದಿಯುವಾಗ ಒಂದು ವಾಸನೆ ಏಳುತ್ತದೆ. ಒದ್ದೆ, ಬಿಸಿ, ಸ್ವಲ್ಪ ಕಹಿ. ಮೂಗಿಗಿಂತ ಮೊದಲು ಗಂಟಲಿಗೆ ತಾಗುವಂಥದು. ಆಗ ನನಗೆ ಹನ್ನೊಂದು ವರ್ಷ, ತಂಗಿಗೆ ನಾಲ್ಕು. ಇಬ್ಬರಿಗೂ ಒಂದೇ ವಾರ ದಡಾರ ಎದ್ದಿತ್ತು. ಬೆಳಕು ಕಣ್ಣು ಚುಚ್ಚುತ್ತದೆಂದು ಅಮ್ಮ ಕಿಟಕಿಗೆ ಕಂಬಳಿ ಕಟ್ಟಿದ್ದಳು. ನಮ್ಮಿಬ್ಬರನ್ನೂ ಒಂದೇ ಮಂಚದ ಮೇಲೆ ಮಲಗಿಸಿ, ದಿನಕ್ಕೊಮ್ಮೆ ಹೊದಿಕೆಗಳನ್ನು ದೊಡ್ಡ ಪಾತ್ರೆಯಲ್ಲಿ ಕುದಿಸುತ್ತಿದ್ದಳು. ಬಾಗಿಲ ಸಂದಿಯಿಂದ ಆ ವಾಸನೆ ಒಳಗೆ ಬಂತೆಂದರೆ ಮಧ್ಯಾಹ್ನವಾಯಿತೆಂದು ನಮಗೆ ತಿಳಿಯುತ್ತಿತ್ತು. ಕತ್ತಲ ಕೋಣೆಯಲ್ಲಿ ನಮಗಿದ್ದ ಗಡಿಯಾರ ಅದೊಂದೇ.

ಐದನೆಯ ದಿನ ಜ್ವರದ ಮಂಪರಿನಿಂದ ಎದ್ದು ಹಣೆ ಮುಟ್ಟಿಕೊಂಡರೆ ಮುಂಗೂದಲೇ ಇಲ್ಲ. ಅಮ್ಮನ ಹೊಲಿಗೆ ಡಬ್ಬಿಯ ಕತ್ತರಿ ತಂಗಿಯ ಕೈಯಲ್ಲಿತ್ತು. ಮೈತುಂಬ ಕೆಂಪು ಗುಳ್ಳೆ, ಮುಖದ ತುಂಬ ನಗು.

"ಅಕ್ಕಂಗೆ ಸೆಕೆ ಆಗ್ತಿತ್ತು" ಅಂದಳು.

ಬೈಯಲೆಂದು ಬಂದ ಅಮ್ಮ ನನ್ನ ಮುಖ ನೋಡಿ ಬಾಗಿಲಿಗೆ ಒರಗಿಕೊಂಡು ನಕ್ಕುಬಿಟ್ಟಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಮುಂದೆ ತಂಗಿ ಅದನ್ನೇ ಕೆಲಸ ಮಾಡಿಕೊಂಡಳು. ಮಕ್ಕಳಿಗೆ ಮಾತ್ರ ಕೂದಲು ಕತ್ತರಿಸುವ ಅಂಗಡಿ: ಒಂದೇ ಕುರ್ಚಿ, ಕುರ್ಚಿಯ ಕೈಗಳ ಮೇಲೆ ಅಡ್ಡಹಲಗೆ, ಕನ್ನಡಿಯ ಕೆಳಗೆ ಸಾಲಾಗಿ ರಬ್ಬರ್ ಪ್ರಾಣಿಗಳು. ಹೆದರಿ ಅಳುವ ಮಗುವಿಗೆ ಅವಳು ಮೊದಲು ತನ್ನ ಕೂದಲನ್ನೇ ಒಂದೆಳೆ ಕತ್ತರಿಸಿ ತೋರಿಸುತ್ತಿದ್ದಳು. "ನೋಡು, ನೋಯಲ್ಲ." ಇಡೀ ಬೀದಿಗೆ ಅವಳು ಕತ್ತರಿ ಆಂಟಿ. ಮನೆಯಲ್ಲಿ ಮಾತ್ರ ಅರವತ್ತು ದಾಟಿದರೂ ಪುಟ್ಟಿ.

ನಾನು ಓದು ಮುಗಿಸಿ ದೊಡ್ಡ ಆಸ್ಪತ್ರೆಯ ಲ್ಯಾಬ್ ಸೇರಿದೆ. ಮೂವತ್ತನಾಲ್ಕು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಬಂದ ರಕ್ತದಲ್ಲಿ ಯಾವ ಕಾಯಿಲೆಯ ವಿರುದ್ಧ ಎಷ್ಟು ಪ್ರತಿಕಾಯ, ಅಂದರೆ ಆಂಟಿಬಾಡಿ, ಇದೆ ಎಂದು ಅಳೆಯುವುದು. ತೊಂಬತ್ತಾರು ಗುಳಿಗಳ ಪ್ಲೇಟಿನಲ್ಲಿ ಒಂದೊಂದು ಗುಳಿಗೆ ಒಬ್ಬೊಬ್ಬರ ರಕ್ತದ ತಿಳಿನೀರು ಬಿಟ್ಟು, ಹಳದಿ ಬಣ್ಣ ಎಷ್ಟು ಗಾಢವಾಗಿ ಏರುತ್ತದೆಂದು ನೋಡುವುದು. ಪ್ರತಿಯೊಂದು ಸ್ಯಾಂಪಲ್ಲಿನ ಜೊತೆಗೂ ಒಂದು ಫಾರಂ ಬರುತ್ತಿತ್ತು. ಅದರ ಏಳನೆಯ ಕಾಲಂ ನಾನೇ ಹಟ ಹಿಡಿದು ಸೇರಿಸಿದ್ದು. "ಕಳೆದ ಒಂದು ವರ್ಷದಲ್ಲಿ ರಕ್ತ, ರಕ್ತದ ಯಾವುದಾದರೂ ಅಂಶ ಅಥವಾ ಪ್ರತಿಕಾಯ ಪಡೆದಿದ್ದಾರೆಯೇ?" ಈ ಕಾಲಂ ಖಾಲಿಯಿದ್ದರೆ ಸ್ಯಾಂಪಲ್ ಮುಟ್ಟಬೇಡಿ ಎಂದು ಕಲಿಯಲು ಬಂದ ಪ್ರತಿ ಹುಡುಗಿಗೂ ಮೊದಲ ದಿನವೇ ಹೇಳುತ್ತಿದ್ದೆ. ಬೇರೆಯವರ ಪ್ರತಿಕಾಯ ಮೈಯಲ್ಲಿ ಹರಿದಾಡುತ್ತಿದ್ದರೆ ಯಂತ್ರಕ್ಕೆ ಯಾರದು ಯಾವುದು ಗೊತ್ತಾಗುವುದಿಲ್ಲ. ಅದು ಇದೆ ಎನ್ನುತ್ತದೆ, ಅಷ್ಟೆ.

ಹಾಗೆ ಕಲಿತವರಲ್ಲಿ ಒಬ್ಬಳನ್ನು ನಾವೆಲ್ಲ ಯಾಕಮ್ಮ ಎಂದು ಕರೆಯುತ್ತಿದ್ದೆವು. ಎಲ್ಲದಕ್ಕೂ "ಯಾಕೆ ಮೇಡಂ?" ಎಂದು ಕೇಳಿ ತಲೆ ತಿನ್ನುತ್ತಿದ್ದಳು. ನಾನು ನಿವೃತ್ತಳಾದ ಮೇಲೆ ಲ್ಯಾಬಿಗೆ ಮುಖ್ಯಸ್ಥೆಯಾದವಳು ಅವಳೇ.

ಎರಡು ವರ್ಷದ ಹಿಂದೆ ಪುಟ್ಟಿಯ ಕತ್ತಿನಲ್ಲಿ ಗಡ್ಡೆ ಕಾಣಿಸಿತು. ಬಿ ಕೋಶಗಳ ಕ್ಯಾನ್ಸರ್. ಮೈಯನ್ನು ಕಾಯಬೇಕಾದ ಕೋಶಗಳೇ ದಾರಿ ತಪ್ಪಿ ಬೆಳೆದಿದ್ದವು. ಮೊದಲ ಔಷಧಿಗಳಿಗೆ ಬಗ್ಗಲಿಲ್ಲ. ಕೊನೆಗೆ ರಕ್ತ ಹುಟ್ಟಿಸುವ ಅವಳ ಸ್ವಂತ ಮೂಲಕೋಶಗಳನ್ನು ತೆಗೆದು ತಣ್ಣಗೆ ಇಟ್ಟುಕೊಂಡು, ಬಲವಾದ ಔಷಧಿಯಿಂದ ಮೂಳೆಮಜ್ಜೆಯನ್ನೇ ಸುಟ್ಟು ಬರಿದು ಮಾಡಿ, ಆ ಕೋಶಗಳನ್ನು ಮತ್ತೆ ಒಳಗೆ ಬಿಟ್ಟರು. ಹಳೆಯ ಮನೆ ಕೆಡವಿ ಅದೇ ಪಾಯದ ಮೇಲೆ ಹೊಸದು ಕಟ್ಟಿದ ಹಾಗೆ. ಕ್ಯಾನ್ಸರ್ ಹೋಯಿತು. ಆದರೆ ಅವಳ ರಕ್ತದಲ್ಲಿ ಪ್ರತಿಕಾಯ ತೀರಾ ಕಡಿಮೆಯಾಯಿತು. ತಿಂಗಳಿಗೊಂದರಂತೆ ಆರು ಬಾಟಲಿ ಹೊರಗಿನಿಂದ ಕೊಡಬೇಕೆಂದು ಡಾಕ್ಟರು ಬರೆದರು.

ಮೊದಲ ಬಾಟಲಿಯ ದಿನ ನಾನೇ ಪಕ್ಕದಲ್ಲಿ ಕೂತಿದ್ದೆ. ನರ್ಸಮ್ಮ ಸೂಜಿ ಚುಚ್ಚುವ ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಅದು ಅವಳ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

"ಏನಿದೆ ಅಕ್ಕ ಇದ್ರಲ್ಲಿ? ಬರೀ ನೀರಿನ ಥರ ಇದೆ."

"ಬೇರೆಯವರ ಪ್ರತಿಕಾಯ. ಸಾವಿರಾರು ಜನರ ರಕ್ತದಿಂದ ಸೋಸಿ ತೆಗೆದದ್ದು."

"ಸಾವಿರಾರು ಜನರದ್ದಾ! ಅದ್ರಲ್ಲಿ ಎಷ್ಟು ಜನರ ತಲೆ ನನ್ನ ಕುರ್ಚಿ ಮೇಲೆ ಕೂತಿತ್ತೋ. ಅಂತೂ ಕೂದಲು ಕೊಟ್ಟವರು ರಕ್ತಾನೂ ಕೊಟ್ರು ಬಿಡು." ಹನಿಗಳನ್ನು ನೋಡುತ್ತಾ ಕೇಳಿದಳು. "ನಂದು ಏನಾಯ್ತು ಹಾಗಾದ್ರೆ?"

ನನಗೆ ಗೊತ್ತಿದ್ದ ರೀತಿಯಲ್ಲಿ ಹೇಳಿದೆ. "ಮೂಳೆಯೊಳಗೆ ದಿನಾ ಲಕ್ಷಗಟ್ಟಲೆ ಬಿ ಕೋಶ ಹುಟ್ಟುತ್ವೆ ಪುಟ್ಟಿ. ಒಂದೊಂದರ ಮೈಮೇಲೂ ಒಂದೊಂದು ಥರದ ಕೊಕ್ಕೆ. ಯಾವ ರೋಗಕ್ಕೆ ಯಾವ ಕೊಕ್ಕೆ ಸರಿಹೋಗುತ್ತೆ ಅಂತ ಮೊದಲೇ ಯಾರಿಗೂ ಗೊತ್ತಿರಲ್ಲ. ಮುಕ್ಕಾಲುಪಾಲು ಏನೂ ಸಿಗದೇ ಸತ್ತುಹೋಗ್ತವೆ."

"ಅಯ್ಯೋ ಪಾಪ."

"ನಮಗೆ ದಡಾರ ಬಂದಾಗ ಯಾವುದೋ ನಾಲ್ಕಾರು ಕೋಶದ ಕೊಕ್ಕೆಗೆ ಆ ವೈರಸ್ ಸಿಕ್ಕಿತು. ಅವು ಕತ್ತಿನಲ್ಲಿ, ಕಂಕುಳಲ್ಲಿ ಇರೋ ಗ್ರಂಥಿಗಳಲ್ಲಿ ಕೂತು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದವು. ಪ್ರತಿ ಸಲಾನೂ ಕೊಕ್ಕೆ ಚೂರು ಬದಲಾಗುತ್ತೆ. ಬದಲಾದದ್ದು ಇನ್ನೂ ಗಟ್ಟಿ ಹಿಡಿದರೆ ಬದುಕು. ಜಾರಿದರೆ ಸಾವು. ವಾರಗಟ್ಟಲೆ ಇದೇ ಪರೀಕ್ಷೆ."

"ಫೇಲಾದ್ರೆ ಸಾವೇ? ನಮ್ಮ ಲೆಕ್ಕದ ಮೇಷ್ಟ್ರೇ ಎಷ್ಟೋ ವಾಸಿ. ಬೆಂಚ್ ಮೇಲೆ ನಿಲ್ಲಿಸಿ ಬಿಟ್ಟುಬಿಡ್ತಿದ್ರು."

"ಪಾಸಾದವು ಎರಡು ಗುಂಪಾಗ್ತವೆ. ಒಂದಿಷ್ಟು ಆ ರೋಗದ ಗುರುತು ಇಟ್ಕೊಂಡು ಮೈಯೆಲ್ಲ ಸುತ್ತುತ್ತಾ ಇರ್ತವೆ. ಇನ್ನೊಂದಿಷ್ಟು ಮೂಳೆಮಜ್ಜೆಗೆ ವಾಪಸ್ ಬಂದು ಒಂದು ಮೂಲೆ ಹಿಡಿದು ಕೂರ್ತವೆ. ಆಮೇಲೆ ಎದ್ದೇಳೋದೇ ಇಲ್ಲ. ಐವತ್ತು ಅರವತ್ತು ವರ್ಷ ಅಲ್ಲೇ ಕೂತು ಅದೇ ಒಂದು ಪ್ರತಿಕಾಯ ಮಾಡಿ ಮಾಡಿ ರಕ್ತಕ್ಕೆ ಬಿಡ್ತಾ ಇರ್ತವೆ."

"ಥೇಟ್ ನೀನೇ! ಮೂವತ್ತನಾಲ್ಕು ವರ್ಷ ಅದೇ ಸ್ಟೂಲು, ಅದೇ ಪ್ಲೇಟು."

ನರ್ಸಮ್ಮ ಮುಸಿಮುಸಿ ನಕ್ಕಳು. ನಾನೂ ನಕ್ಕೆ. ಪುಟ್ಟಿ ಮಾತ್ರ ನಗು ನಿಲ್ಲಿಸಿ ಕೇಳಿದಳು. "ನನ್ನ ಮೂಳೆಯೊಳಗೆ ಕೂತಿದ್ದವು ಸತ್ತುಹೋದವಾ?"

"ಆ ಔಷಧಿಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ. ಬಹಳಷ್ಟು ಹೋಗಿರುತ್ತವೆ. ಈಗ ಹೊಸದಾಗಿ ಹುಟ್ತಿರೋವು ಹಸುಗೂಸುಗಳು. ದಡಾರ ಅಂದ್ರೆ ಏನು ಅಂತ ಅವಕ್ಕೆ ಗೊತ್ತಿಲ್ಲ. ಎರಡು ವರ್ಷ ಕಳೆದ ಮೇಲೆ ಮಕ್ಕಳಿಗೆ ಹಾಕೋ ಲಸಿಕೆ ಹಾಕಿ ಮತ್ತೆ ಕಲಿಸಬೇಕು. ಈಗಲೇ ಹಾಕಿದ್ರೆ ಲಸಿಕೆಯೇ ಕಾಯಿಲೆ ಆಗಿಬಿಡಬಹುದು."

"ಆ ಕತ್ತಲ ಕೋಣೇಲಿ ಅಷ್ಟು ದಿನ ಒದ್ದಾಡಿದ್ದು ದಂಡ ಅನ್ನು."

ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ಲಸಿಕೆ ಆಗುವವರೆಗೆ ಸಣ್ಣ ಮಕ್ಕಳಿಂದ ದೂರ ಇರಬೇಕು. ಅಂಗಡಿಗೆ ಬೀಗ ಬಿತ್ತು. ಪುಟ್ಟಿ ಮನೆಯ ಕಿಟಕಿಯ ಬಳಿ ಕೂತಳು. ಅವಳ ಮಗಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದವಳು. ಅವಳು ಹೊರಟ ಮೇಲೆ ನಾನು ಬಂದು ಕೂರುತ್ತಿದ್ದೆ. ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳು ಕೆಳಗಿನಿಂದಲೇ ಕೈಬೀಸುತ್ತಿದ್ದರು. "ಅದರ ತಲೆ ನೋಡು ಅಕ್ಕ, ಯಾವನೋ ಕಟುಕ ಕತ್ತರಿಸಿದಾನೆ" ಎಂದು ಮೊದಮೊದಲು ಗೊಣಗುತ್ತಿದ್ದಳು. ಆಮೇಲೆ ಅದೂ ನಿಂತಿತು. ಊಟ ಕಡಿಮೆಯಾಯಿತು. ಕೈಬೀಸುವವರಿಗೆ ತಿರುಗಿ ಕೈಬೀಸುವುದನ್ನೂ ಬಿಟ್ಟಳು. ಕ್ಯಾನ್ಸರಿನಲ್ಲೂ ಅವಳು ಅಷ್ಟು ಬಾಡಿದ್ದನ್ನು ನಾನು ನೋಡಿರಲಿಲ್ಲ.

ಒಂದು ದಿನ ಅವಳೇ ಕೇಳಿದಳು. "ಎಲ್ಲಾ ಸತ್ತವು ಅಂತ ಯಾರು ನೋಡಿದೋರು? ಒಂದಿಷ್ಟು ಬದುಕಿರಬಹುದಲ್ವಾ?"

"ಇರಬಹುದು. ಕೆಲವರಲ್ಲಿ ಉಳಿದಿರುತ್ತೆ."

"ನಿನ್ನ ಮಷೀನಿಗೆ ಕೇಳು ಮತ್ತೆ. ನನ್ನ ಅರವತ್ತು ವರ್ಷದ ಮುದುಕಿಯರು ಬದುಕಿದಾರಾ ಅಂತ."

ನನಗೂ ಅದೇ ಬೇಕಿತ್ತು. ಉಳಿದಿರಲಿ ಎಂದು ನನ್ನ ಒಂದೊಂದು ನರವೂ ಬಯಸುತ್ತಿತ್ತು. ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಅವಳ ಕೈ ಇರಿಸಿಕೊಂಡು ನಾನೇ ರಕ್ತ ತೆಗೆದೆ. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಮೊದಲ ಸಲಕ್ಕೇ ನರ ಸಿಕ್ಕಿತು. "ಇಷ್ಟು ದಿನದಲ್ಲಿ ಇದೊಂದೇ ಸಲ ನೋಯದೇ ಇದ್ದದ್ದು" ಅಂದಳು. ಆ ಮಾತಿಗೆ ನಾನು ಹಿಗ್ಗಿದೆ. ಆರನೆಯ, ಕೊನೆಯ ಬಾಟಲಿ ಮುಗಿದು ಅಂದಿಗೆ ಒಂಬತ್ತು ದಿನ.

ನಮ್ಮ ಲ್ಯಾಬಿನಲ್ಲಿ ಒಂದು ರೂಢಿಯಿತ್ತು. ಸಿಬ್ಬಂದಿಯ ಮನೆಯವರ ರಕ್ತವನ್ನು ಕೈಯಲ್ಲೇ ತಂದುಕೊಡಬಹುದು. ಅದಕ್ಕೆ ಕೈ ಸ್ಯಾಂಪಲ್ ಎನ್ನುತ್ತಿದ್ದೆವು. ದಿನದ ಕೆಲಸವೆಲ್ಲ ಮುಗಿದು ಪ್ಲೇಟಿನಲ್ಲಿ ಗುಳಿ ಉಳಿದಿದ್ದರೆ ಅದರಲ್ಲಿ ಹಾಕಿಬಿಡುತ್ತಿದ್ದೆವು. ಅದಕ್ಕೆ ಚೀಟಿ ಇಲ್ಲ, ಸಾಲಿನಲ್ಲಿ ಕಾಯುವುದಿಲ್ಲ, ಫಾರಂ ಇಲ್ಲ. ಒಬ್ಬರಿಗೊಬ್ಬರು ಮಾಡುವ ಸಣ್ಣ ಉಪಕಾರ ಅದು. ನಾನೇ ಎಷ್ಟೋ ಜನರಿಗೆ ಮಾಡಿದ್ದೆ.

ಯಾಕಮ್ಮ ಕುರ್ಚಿ ಬಿಟ್ಟು ಎದ್ದು ಬಂದು ನನ್ನ ಕೈಯಿಂದ ನಳಿಕೆ ತೆಗೆದುಕೊಂಡಳು. ಅದರ ಮೇಲೆ ನನ್ನ ಕೈಬರಹದಲ್ಲಿ "ತಂಗಿ – ದಡಾರ" ಎಂದಿತ್ತು.

"ನೀವು ಯಾಕೆ ಮೇಡಂ ಇಷ್ಟು ದೂರ ಬಂದ್ರಿ? ಹೇಳಿದ್ರೆ ನಾನೇ ಬರ್ತಿದ್ದೆ."

"ಈಗಲೂ ನಿನ್ನ ಯಾಕೆ ನಿಂತಿಲ್ವಲ್ಲೇ" ಅಂದೆ. ಇಬ್ಬರೂ ನಕ್ಕೆವು. ಅವಳು ನನ್ನ ಮಂಡಿನೋವು ವಿಚಾರಿಸಿದಳು. ನಾನು ಅವಳ ಮಗನ ಓದು ವಿಚಾರಿಸಿದೆ. ಏಳನೆಯ ಕಾಲಂ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗುರುವಿಗೆ ಗೊತ್ತಿರುತ್ತದೆಂದು ಅವಳು ಬಿಟ್ಟಳು. ನಾನು ಅಂದು ಗುರುವಾಗಿ ಹೋಗಿರಲಿಲ್ಲ, ಅಕ್ಕನಾಗಿ ಹೋಗಿದ್ದೆ.

ಸಂಜೆ ಫೋನು ಬಂತು. "ಮೇಡಂ, ಚೆನ್ನಾಗಿದೆ! ಬೇಕಾದ ಮಿತಿಗಿಂತ ನಾಲ್ಕು ಪಟ್ಟು."

ಪುಟ್ಟಿಗೆ ಹೇಳಿದೆ. ಅವಳು ಟವೆಲನ್ನು ತಲೆಯ ಮೇಲೆ ತಿರುಗಿಸುತ್ತಾ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಳು. "ಮುದುಕಿಯರು ಗಟ್ಟಿ! ಸುಟ್ಟರೂ ಸಾಯದ ಮುದುಕಿಯರು!" ಮಗಳು ಅನುಮಾನದಿಂದ ನನ್ನ ಕಡೆ ನೋಡಿದಳು. "ಡಾಕ್ಟರನ್ನ ಒಂದು ಮಾತು ಕೇಳೋದಾ ದೊಡ್ಡಮ್ಮ?"

"ಡಾಕ್ಟರಿಗೆ ಈ ನಂಬರ್ ಓದಿ ಹೇಳ್ತಿದ್ದವಳು ಯಾರು ಅಂದ್ಕೊಂಡಿದ್ದೀಯಾ?" ಎಂದೆ ನಾನು.

ಆ ಮಾತನ್ನು ನಾನೇ ಆಡಿದ್ದು. ಅದೇ ದನಿಯಲ್ಲಿ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು.

ಅಂಗಡಿ ತೆರೆಯಿತು. ಪುಟ್ಟಿಯ ಕೆನ್ನೆಗೆ ಬಣ್ಣ ಬಂತು. ಸಂಜೆ ನಾನು ಹೋಗಿ ಕೂದಲು ಗುಡಿಸಿಕೊಡುತ್ತಿದ್ದೆ. ಕಪ್ಪು, ಕಂದು, ಎಳೆಗೂಸಿನ ನಯವಾದ ಉದುರು ಎಲ್ಲ ಒಂದೇ ಗುಡ್ಡೆಯಾಗುತ್ತಿತ್ತು. ಹೊರಗಿನಿಂದ ಬಂದ ಪ್ರತಿಕಾಯ ಮೂರು ವಾರಕ್ಕೆ ಅರ್ಧವಾಗುತ್ತದೆ, ಮತ್ತೆ ಮೂರು ವಾರಕ್ಕೆ ಅದರ ಅರ್ಧ. ಮಾಡಿಕೊಡುವ ಕೋಶವೇ ಇಲ್ಲದಿದ್ದರೆ ಅದು ಕರಗುತ್ತಾ ಹೋಗುವುದೇ ಸರಿ. ಇದನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆ ನಾಲ್ಕು ತಿಂಗಳಲ್ಲಿ ಒಂದು ದಿನವೂ ನೆನಪಾಗಲಿಲ್ಲ.

ನಾಲ್ಕನೆಯ ತಿಂಗಳ ಒಂದು ಸಂಜೆ ಪುಟ್ಟಿ ಕತ್ತರಿ ಒರೆಸುತ್ತಾ ಹೇಳಿದಳು. "ಇವತ್ತೊಂದು ಮಗು ಬಂದಿತ್ತು ಅಕ್ಕ. ಕಣ್ಣು ಕೆಂಪಗೆ, ಮೂಗು ಸೋರ್ತಿತ್ತು. ಪಾಪ, ಕೂತಲ್ಲೇ ನಿದ್ದೆ. ನನ್ನ ಎದೆಗೇ ತಲೆ ಒರಗಿಸಿಕೊಂಡು ಪೂರ್ತಿ ಕತ್ತರಿಸಿಕೊಳ್ತು."

"ಜ್ವರ ಇತ್ತೇನೋ."

"ಇತ್ತು, ಮೈ ಬಿಸಿ ಇತ್ತು. ಅವರಮ್ಮ ನಾಳೆ ಫೋಟೋ ತೆಗೆಸಬೇಕು ಅಂತ ಎಳಕೊಂಡು ಬಂದಿದ್ಲು. ನಾನು ಬೈದು ಕಳಿಸಿದೆ."

ಕೆಂಪು ಕಣ್ಣು, ಸೋರುವ ಮೂಗು, ಜ್ವರ. ದಡಾರ ಏಳುವ ಮೊದಲಿನ ಮೂರು ದಿನ ಹಾಗೆಯೇ ಇರುತ್ತದೆ. ನನಗೆ ಹೊಳೆಯಿತು. ಹೊಳೆದೂ ಹೆದರಲಿಲ್ಲ. ನಾಲ್ಕು ಪಟ್ಟು ಇದೆಯಲ್ಲ ಎಂದುಕೊಂಡು ಗುಡಿಸಿದ ಕೂದಲನ್ನು ಚೀಲಕ್ಕೆ ತುಂಬಿದೆ.

ಹನ್ನೊಂದನೆಯ ದಿನ ಅವಳಿಗೆ ಜ್ವರ ಬಂತು. ಹದಿನಾಲ್ಕನೆಯ ದಿನ ಕೆಮ್ಮು. ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಸಾಮಾನ್ಯ ನೆಗಡಿ ಎಂದುಕೊಂಡೆವು. ಗುಳ್ಳೆ ಏಳಬೇಕಾದರೂ ಮೈಗೆ ಹೋರಾಡುವ ಶಕ್ತಿ ಇರಬೇಕು. ಅವಳ ಮೈಯಲ್ಲಿ ಅಷ್ಟೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಹದಿನೇಳನೆಯ ದಿನ ಮೆಟ್ಟಿಲ ಮೇಲೆ ಕೂತವಳು ಏಳಲಾರದೆ ಹೋದಳು. ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು ಎರಡೂ ಶ್ವಾಸಕೋಶ ಮಬ್ಬಾಗಿವೆ ಎಂದರು. ಗಂಟಲಿನಿಂದ ತೆಗೆದ ದ್ರವದಲ್ಲಿ ದಡಾರದ ವೈರಸ್ ಸಿಕ್ಕಿತು.

"ಸಾಧ್ಯವೇ ಇಲ್ಲ" ಎಂದೆ ನಾನು ಡಾಕ್ಟರಿಗೆ. "ಅವಳ ನಂಬರ್ ಚೆನ್ನಾಗಿತ್ತು. ನಾನೇ ಮಾಡಿಸಿದೀನಿ."

ಅವರು ಬಹಳ ಒಳ್ಳೆಯ ಮನುಷ್ಯ. ವಾದ ಮಾಡಲಿಲ್ಲ. "ಇನ್ನೊಂದು ಸಲ ನೋಡೋಣ ಅಮ್ಮ" ಎಂದರು. ರಕ್ತ ತೆಗೆದುಕೊಂಡ ನರ್ಸ್ ಫಾರಂ ತುಂಬುತ್ತಾ ನನ್ನನ್ನೇ ಕೇಳಿದಳು. ವಯಸ್ಸು, ಕಾಯಿಲೆ, ಔಷಧಿ. ಆರು ಕಾಲಂ ಮುಗಿಯಿತು. ತಲೆ ಎತ್ತದೆ ಓದಿದಳು. "ಕಳೆದ ಒಂದು ವರ್ಷದಲ್ಲಿ ರಕ್ತ, ರಕ್ತದ ಯಾವುದಾದರೂ ಅಂಶ ಅಥವಾ ಪ್ರತಿಕಾಯ ಪಡೆದಿದ್ದಾರೆಯೇ?"

"ಹೌದು, ಆರು ಬಾಟಲಿ" ಎಂದಿತು ನನ್ನ ಬಾಯಿ.

ಆಮೇಲೆ ನನಗೆ ಕೇಳಿಸಿತು, ನಾನು ಏನು ಹೇಳಿದೆ ಎಂದು.

ನರ್ಸ್ ಬರೆದುಕೊಂಡು ಮುಂದಿನ ಕಾಲಮಿಗೆ ಹೋದಳು. ನಾನು ಏನೋ ಉತ್ತರಿಸಿದೆ. ಅವಳು ತಲೆಯೆತ್ತಿ, "ಅಮ್ಮಾ, ಕೂತ್ಕೊಳ್ಳಿ" ಎಂದು ತನ್ನ ಕುರ್ಚಿಯನ್ನೇ ನನ್ನ ಕಡೆ ತಳ್ಳಿದಳು.

ಮಧ್ಯಾಹ್ನ ಯಾಕಮ್ಮ ಓಡಿ ಬಂದಳು. ಈ ಸಲ ಪುಟ್ಟಿಯ ರಕ್ತದಲ್ಲಿ ದಡಾರದ ಪ್ರತಿಕಾಯ ಸೊನ್ನೆಗೆ ಹತ್ತಿರ. ಅವಳ ಕೋಣೆಯೊಳಗೆ ಹೋಗುವವರೆಲ್ಲರ ರಕ್ತ ನೋಡಬೇಕೆಂದು ನನ್ನದನ್ನೂ ತೆಗೆದುಕೊಂಡಿದ್ದರು. ನನ್ನದು ಮಿತಿಗಿಂತ ಒಂಬತ್ತು ಪಟ್ಟು. ಅದೇ ಮಂಚ, ಅದೇ ವಾರ, ಅದೇ ಕಾಯಿಲೆ. ನನ್ನ ಮೂಳೆಯೊಳಗಿನವು ಅರವತ್ತು ವರ್ಷದಿಂದ ಒಂದು ದಿನವೂ ರಜೆ ಹಾಕದೆ ಕೂತಿದ್ದವು, ನನಗೆ ಬೇಕಿಲ್ಲದ ಕಡೆ.

"ನಾನು ಕೇಳಬೇಕಿತ್ತು ಮೇಡಂ." ಯಾಕಮ್ಮ ಅಂದಳು. "ಎಲ್ಲರಿಗೂ ಕೇಳ್ತೀನಿ. ನಿಮ್ಮನ್ನ ಹೇಗೆ ಕೇಳ್ಲಿ ಅಂತ..."

"ನನ್ನ ಕೈಬರಹ ನೋಡಿ ಬಿಟ್ಟೆ."

"ಹೌದು."

"ನಿಂದು ತಪ್ಪಿಲ್ಲ ಅಂತ ನಾನು ಹೇಳಲ್ಲ ಕಣೇ. ಆದ್ರೆ ಬಾಟಲಿ ಪಕ್ಕದಲ್ಲಿ ಆರು ಸಲ ಕೂತಿದ್ದವಳು ನೀನಲ್ಲ. ತಪ್ಪಿನ ವರದಿ ಬರೆಯೋವಾಗ ನನ್ನ ಹೆಸರು ಬರಿ."

"ಇನ್ಮೇಲೆ ಕೈ ಸ್ಯಾಂಪಲ್ ಇಲ್ಲ ಮೇಡಂ. ಇವತ್ತೇ ನಿಲ್ಲಿಸಿದೆ." ಅವಳು ಕಣ್ಣೊರೆಸಿಕೊಂಡು, ಅಲುಗಾಡುತ್ತಿದ್ದ ನನ್ನ ಬೆಂಚಿನ ಕಾಲಿಗೆ ಒಂದು ಕಾಗದ ಮಡಿಸಿ ಸಿಕ್ಕಿಸಿದಳು. ಬೇರೇನೂ ಮಾಡಲು ಅವಳಿಗೆ ತೋಚಲಿಲ್ಲ.

ದಡಾರಕ್ಕೆಂದೇ ಇರುವ ಔಷಧಿ ಇಲ್ಲ. ಏಳನೆಯ ಬಾಟಲಿ ಏರಿಸಿದರು. ಹೊತ್ತು ಮೀರಿತ್ತು, ಅದು ಎಲ್ಲರಿಗೂ ಗೊತ್ತಿತ್ತು, ಏರಿಸಿದ ನರ್ಸಮ್ಮನಿಗೂ. ಆದರೂ ಅವಳು ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಸೂಜಿ ಚುಚ್ಚಿದಳು.

ಮೂರನೆಯ ದಿನ ಉಸಿರಾಟದ ಯಂತ್ರಕ್ಕೆ ಹಾಕಬೇಕಾಗಬಹುದು ಎಂದು ಡಾಕ್ಟರು ಹೇಳಿಹೋದರು. ಹಾಕಿದರೆ ಮತ್ತೆ ಮಾತಿಲ್ಲ. ಮಗಳು ಬೆಳಗಿನ ಪಾಳಿಗೆ ರಜೆ ಹೇಳಿ ಬರಲು ಹೋಗಿದ್ದಳು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿಕೊಂಡು ಪುಟ್ಟಿ ಕೂತೇ ಇದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

"ಪುಟ್ಟಿ, ಒಂದು ಮಾತು ಹೇಳಬೇಕು."

"ಹೇಳು. ನಾನೆಲ್ಲಿ... ಓಡಿಹೋಗ್ಲಿ."

"ಆ ನಂಬರ್ ನಿನ್ನದಾಗಿರಲಿಲ್ಲ. ಬಾಟಲಿಯದು. ಬೇರೆಯವರದ್ದನ್ನ ಅಳೆದು ನಿನ್ನದು ಅಂತ ನಿಂಗೆ ಹೇಳ್ಬಿಟ್ಟೆ. ನೋಡಬೇಕಿತ್ತು. ಅದು ನನ್ನ ಕೆಲಸ. ನೋಡಲಿಲ್ಲ."

ಅವಳು ಮಾಸ್ಕಿನ ಪಟ್ಟಿ ಸರಿಮಾಡಿಕೊಂಡಳು. ಮಾಸ್ಕಿನೊಳಗೆ ಉಸಿರು ಮಂಜಾಗಿ ಕೂತು ಕರಗುತ್ತಿತ್ತು.

"ಹಾಗಾದ್ರೆ ಮುದುಕಿಯರು... ಆಗ್ಲೇ ಸತ್ತಿದ್ರು."

"ಹೌದು."

"ನಾಲ್ಕು ತಿಂಗಳು ಆಯ್ತಲ್ಲ. ಅಂಗಡಿ ತೆಗೆದು." ಅಷ್ಟಾದರೂ ಸಿಕ್ಕಿತು ಎಂದಳೋ, ಅಷ್ಟೇ ಸಿಕ್ಕಿತು ಎಂದಳೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಆಮೇಲೆ ಅವಳು ಕಣ್ಣು ಮುಚ್ಚಿ ಹೇಳಿದಳು. "ನಂಗೆ ಸಾಯೋಕೆ ಇಷ್ಟ ಇಲ್ಲ ಅಕ್ಕ."

"ಗೊತ್ತು."

"ಕಿಟಕಿ ಹತ್ರಾನೇ... ಕೂತಿದ್ದಿದ್ರೂ ಆಗ್ತಿತ್ತು. ಎರಡು ವರ್ಷ ತಾನೇ."

ನಾನು ಅವಳ ಪಾದ ಹಿಡಿದುಕೊಂಡೆ. ತಣ್ಣಗಿತ್ತು. ಅವಳು ಎಳೆದುಕೊಳ್ಳಲಿಲ್ಲ.

"ಮಗಳಿಗೆ ಹೇಳಬೇಡ."

"ಹೇಳದೆ ನಾನು ಹೇಗಿರಲಿ ಪುಟ್ಟಿ?"

"ಇರು. ಕಷ್ಟ ಆದ್ರೂ ಇರು. ಆಮೇಲೆ ಅವಳಿಗೆ... ನೀನೊಬ್ಬಳೇ. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅವಳನ್ನ ಒಂಟಿ ಮಾಡಬೇಡ." ಇಷ್ಟು ಹೇಳಲು ಅವಳಿಗೆ ನಾಲ್ಕು ಉಸಿರು ಬೇಕಾಯಿತು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ಸ್ವಲ್ಪ ಹೊತ್ತು ಹೊರಗಿರು. ನೀನು ಇಲ್ಲಿರಬೇಡ ಈಗ."

ನಾನು ಹೊರಗೆ ಹೋದೆ. ಒಂದು ಗಂಟೆಯ ಮೇಲೆ ಒಳಗಿನಿಂದ ಓಡಾಟ ಕೇಳಿಸಿತು. ಯಂತ್ರ ಹಾಕಿದರು. ಅವಳ ಜೊತೆ ನನ್ನ ಕೊನೆಯ ಮಾತು ಅದೇ ಆಯಿತು.

ಯಂತ್ರದ ಮೇಲೆ ಐದು ದಿನ ಇದ್ದಳು. ನಾನು ದಿನವೂ ಒಳಗೆ ಹೋಗಿ ಕೂರುತ್ತಿದ್ದೆ. ನೆಲ ಒರೆಸುವ ಹೆಂಗಸು ನನ್ನ ಚಪ್ಪಲಿಗಳನ್ನು ಒದ್ದೆಯಾಗದಂತೆ ಎತ್ತಿ ಪಕ್ಕಕ್ಕಿಟ್ಟು, ಒರೆಸಿ, ಮತ್ತೆ ಇದ್ದಲ್ಲೇ ಜೋಡಿಸುತ್ತಿದ್ದಳು. ಮಗಳು ತಾಯಿಯ ಹೊಸದಾಗಿ ಮೂಡಿದ್ದ ಗಿಡ್ಡ ಕೂದಲನ್ನು ಬೆರಳಿನಿಂದ ಬಾಚುತ್ತಿದ್ದಳು. ಆರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ನಾವಿಬ್ಬರೂ ಎರಡು ಕಡೆ ನಿಂತಿದ್ದಾಗ, ಪುಟ್ಟಿ ಹೋದಳು.

ಆಮೇಲೆ ಕಾಗದಪತ್ರದ ಕೆಲಸ. ಕೆಳಗಿನ ಕಚೇರಿಯ ಮುಂದೆ ಉದ್ದನೆಯ ಬೆಂಚು, ಎದುರಿಗೆ ಗಾಜಿನ ಕಿಟಕಿ. ಒಂದು ಸಹಿ ಆಗಬೇಕು, ಅದಕ್ಕೆ ಒಬ್ಬ ಅಧಿಕಾರಿ ಬರಬೇಕು, ಅವರು ಬರುವವರೆಗೆ ಪುಟ್ಟಿಯನ್ನು ಕೊಡುವುದಿಲ್ಲ. ನಾವು ಕೂತೆವು. ಹನ್ನೆರಡಾಯಿತು, ಒಂದಾಯಿತು. ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕರು ಗಾಳಿ ಬರಲೆಂದು ನಮ್ಮ ಕಡೆಗೆ ಫ್ಯಾನು ತಿರುಗಿಸಿದರು.

"ಅಮ್ಮ ಹೋದ ವರ್ಷವೇ ಹೋಗಬೇಕಿತ್ತು ದೊಡ್ಡಮ್ಮ" ಎಂದಳು ಮಗಳು ಇದ್ದಕ್ಕಿದ್ದಂತೆ. "ಕಿಟಕಿ ಹತ್ರ ಕೂತು ಕೂತು ಕೊರಗಿಯೇ ಹೋಗಿರೋಳು. ನೀವು ಆ ಟೆಸ್ಟ್ ಮಾಡಿಸಿದ್ದಕ್ಕೆ ನಾಲ್ಕು ತಿಂಗಳು ನಗ್ತಾ ಇದ್ಲು. ಅಷ್ಟೂ ನಿಮ್ಮಿಂದ."

ನಾನು ಬಾಯಿ ತೆರೆದೆ. ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿದೆ. ಮೂವತ್ತಾರು ವರ್ಷದ ಹೆಂಗಸು, ಮೂರು ದಿನದಿಂದ ತಲೆ ಬಾಚಿಲ್ಲ, ಕುಪ್ಪಸದ ಒಂದು ಗುಂಡಿ ತಪ್ಪಾಗಿ ಹಾಕಿಕೊಂಡಿದ್ದಾಳೆ. ಈ ಬೆಂಚಿನ ಮೇಲೆ ಅವಳ ಪಕ್ಕ ನಾನಲ್ಲದೆ ಬೇರೆ ಯಾರೂ ಇಲ್ಲ. ಆ ಟೆಸ್ಟಿನ ತಪ್ಪಿನ ಬಗ್ಗೆ ಯಾಕಮ್ಮ ಬರೆಯುವ ವರದಿ ಎಂದಾದರೂ ಒಂದು ದಿನ ಇವಳ ಕೈಗೆ ಸಿಗಬಹುದು. ಅವತ್ತು ನನ್ನ ಬಳಿ ಹೇಳಲು ಏನೂ ಇರುವುದಿಲ್ಲ. ಇವತ್ತೂ ಇರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಗಾಜಿನ ಹಿಂದಿನ ಗುಮಾಸ್ತ ಇನ್ನೂ ಅರ್ಧ ಗಂಟೆ ಎಂದು ಸನ್ನೆ ಮಾಡಿದ. ಮಗಳು ಎದ್ದು ರಸ್ತೆ ದಾಟಿ ಹೋದಳು. ಹತ್ತು ನಿಮಿಷದಲ್ಲಿ ವಾಪಸು ಬಂದಾಗ ಅವಳ ಕೈಯಲ್ಲಿ ಒಂದೇ ಒಂದು ಊಟದ ಡಬ್ಬಿ ಇತ್ತು. ತನಗೆ ತಂದುಕೊಂಡಿರಲಿಲ್ಲ. ಪಕ್ಕದಲ್ಲಿ ಕೂತು ಮುಚ್ಚಳ ತೆಗೆದಳು, ಚಮಚವನ್ನು ತನ್ನ ಸೆರಗಿನಿಂದ ಒರೆಸಿದಳು, ಬಿಸಿ ತಾಗದಿರಲೆಂದು ಕರವಸ್ತ್ರ ಮಡಿಸಿ ಅಡಿಗೆ ಇಟ್ಟು, ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.